ಪ್ಯಾಸೇಜು, ಪ್ಯಾರಾಗ್ರಾಫು ಮತ್ತು ಪಕ್ಕದ ಮನೆಯ ಕಂಡಕ್ಟ್ರು

"ಮೇಷ್ಟ್ರೇ, ಪ್ಯಾಸೇಜು ಓದೋದಕ್ಕೂ ಟ್ಯೂಷನ್ ಬೇಕಾ?" ಅಂತ ದಾಸವಾಳದ ಬೇಲಿಯಾಚೆಯಿಂದ ಕಂಡಕ್ಟ್ರು ಕೇಳಿದರು. ಅವರು ಕೆಎಸ್ಸಾರ್ಟಿಸಿಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು, ನಾನು ಹೈಸ್ಕೂಲಿನಿಂದ ನಿವೃತ್ತನಾಗಿಯೂ ಅಷ್ಟೇ ಆಯಿತು. ಆದರೂ ನಮ್ಮ ಬೀದಿಗೆ ಅವರು ಇನ್ನೂ ಕಂಡಕ್ಟ್ರು, ನಾನು ಇನ್ನೂ ಮೇಷ್ಟ್ರು. ಅವರ ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಲೆಕ್ಕದಲ್ಲಿ ಚುರುಕು, ವಿಜ್ಞಾನದಲ್ಲಿ ಇನ್ನೂ ಚುರುಕು. ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ಪಾಠದ ಪ್ರಶ್ನೆಗಳಿಗೆಲ್ಲ ಒಳ್ಳೆಯ ಅಂಕ ಬಂದಿತ್ತು, ಪದ್ಯವನ್ನೂ ತಪ್ಪಿಲ್ಲದೆ ಬರೆದಿದ್ದಳು. ಗದ್ಯಭಾಗ ಓದಿ ಉತ್ತರಿಸುವ ಕಡೆ ಮತ್ತು ಪ್ಯಾರಾಗ್ರಾಫ್ ತಿದ್ದಿ ಬರೆಯುವ ಕಡೆ ಮಾತ್ರ ಸೊನ್ನೆ.

"ಟ್ಯೂಷನ್ ಬೇಡ, ಅಭ್ಯಾಸ ಬೇಕು" ಅಂದೆ. "ಎರಡೂ ಒಂದೇ ಅಲ್ವಾ ಮೇಷ್ಟ್ರೇ?" ಅಂದರು. ಒಂದೇ ಅಲ್ಲ. ಅದನ್ನು ಅವರಿಗೆ ಹೇಳುತ್ತ ಹೇಳುತ್ತ ಬಿಸಿಲು ನಮ್ಮಿಬ್ಬರ ನೆತ್ತಿಗೂ ಬಂತು.

ನಮ್ಮ ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪ್ರಶ್ನೆಪತ್ರಿಕೆ 80 ಅಂಕದ್ದು, ಮಿಕ್ಕ 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ 80ರಲ್ಲಿ ಬಹುಪಾಲನ್ನು ಬಾಯಿಪಾಠದಿಂದ ದಾಟಬಹುದು. ಆರ್.ಕೆ. ನಾರಾಯಣ್ ಅವರ ಸ್ವಾಮಿ ಕತ್ತಲಲ್ಲಿ ಕಳ್ಳನ ಕಾಲು ಕಚ್ಚಿದ್ದು ಯಾಕೆ ಎಂಬುದಕ್ಕೆ ಗೈಡಿನಲ್ಲಿ ಸಿದ್ಧ ಉತ್ತರವಿದೆ. ಪತ್ರಲೇಖನಕ್ಕೆ ಚೌಕಟ್ಟಿದೆ, ಪ್ರಬಂಧಕ್ಕೆ ನಾಲ್ಕೈದು ಅಚ್ಚುಗಳಿವೆ. 'ಪಾಸಿಂಗ್ ಪ್ಯಾಕೇಜ್' ಅಂತ ಶಾಲೆಗಳಲ್ಲಿ ಹಂಚುವ ಹಾಳೆಗಳಲ್ಲಿ ಇವೆಲ್ಲ ಇರುತ್ತವೆ. ಹಿಂದುಳಿದ ಮಕ್ಕಳು ದಡ ಸೇರಲಿ ಅಂತ ಶಿಕ್ಷಕರು ರಾತ್ರಿ ಕೂತು ಮಾಡಿದ ಹಾಳೆಗಳವು, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಎಂದೂ ಕಾಣದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವ ಜಾಗಕ್ಕೆ ಗೈಡು ಬರಲಾರದು, ಪ್ಯಾಕೇಜೂ ಬರಲಾರದು. ಅಲ್ಲಿ ಮಗು ಒಂಟಿ. ಹತ್ತು ವರ್ಷ ಕಲಿತ ಇಂಗ್ಲಿಷ್ ಎಷ್ಟು ಒಳಗಿಳಿದಿದೆ ಅನ್ನುವುದು ಗೊತ್ತಾಗುವುದು ಅಲ್ಲೇ. ಅದಕ್ಕೇ ಆ ಕೆಲವೇ ಅಂಕಗಳನ್ನು ನಾನು ಇಡೀ ಪತ್ರಿಕೆಯ ಜೀವ ಅಂತ ತಿಳಿದವನು. ಸಿಬಿಎಸ್‌ಇಯವರು ಹತ್ತನೇ ತರಗತಿಯ 80 ಅಂಕದಲ್ಲಿ 20ನ್ನು ಬರೀ ಓದಿ ಅರ್ಥಮಾಡಿಕೊಳ್ಳುವುದಕ್ಕೇ ಇಟ್ಟಿದ್ದಾರೆ. ನಮ್ಮಲ್ಲಿ ಅದಕ್ಕೆ ಅಷ್ಟು ಜಾಗವಿಲ್ಲ. ಅಂಕ ಕಡಿಮೆ ಇರುವ ಕಡೆ ತರಗತಿಯ ಸಮಯವೂ ಕಡಿಮೆಯಾಗುತ್ತದೆ.

"ಅದಕ್ಕೂ ಒಂದು ಉಪಾಯ ಹೇಳಿಕೊಟ್ಟಿದ್ದಾರಂತಲ್ಲ" ಅಂದರು ಕಂಡಕ್ಟ್ರು. ಗೊತ್ತು. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕು, ಅದು ಸಿಕ್ಕ ವಾಕ್ಯವನ್ನು ಪೂರ್ತಿ ಇಳಿಸು. ಈ ಉಪಾಯದಿಂದ ಒಂದೆರಡು ಅಂಕ ಬರುತ್ತದೆ ಅನ್ನುವುದೂ ನಿಜ. ಮಗು ಗದ್ಯವನ್ನು ಓದುವುದೇ ಇಲ್ಲ ಅನ್ನುವುದೂ ಅಷ್ಟೇ ನಿಜ. ಕಣ್ಣು ಪದದಿಂದ ಪದಕ್ಕೆ ಹಾರುತ್ತದೆ, ನಡುವೆ ಹೇಳಿದ ಕಥೆ ಯಾರದ್ದು, ಏನಾಯಿತು ಎಂದು ಕೇಳಿದರೆ ಮಗುವಿಗೆ ಗೊತ್ತಿರುವುದಿಲ್ಲ. ಪ್ರಶ್ನೆ ಕೇಳುವವರು ಗದ್ಯದ ಪದ ಬಿಟ್ಟು ಬೇರೆ ಪದ ಬಳಸಿದರೆ ಅಲ್ಲಿಗೆ ಉಪಾಯ ಮುಗಿಯಿತು. ಹುಡುಗಿಗೆ ಆದದ್ದೂ ಅದೇ.

ಮರುದಿನ ಸಂಜೆ ಅವಳನ್ನೇ ಕರೆದು ಕೂರಿಸಿಕೊಂಡೆ. ಸಾಲುಮರದ ತಿಮ್ಮಕ್ಕನ ಮೇಲೆ ಒಂದು ಪುಟ್ಟ ಗದ್ಯವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ತಿಮ್ಮಕ್ಕನೂ ಗಂಡ ಚಿಕ್ಕಯ್ಯನೂ ಹುಲಿಕಲ್–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟರು, ದೂರದಿಂದ ಕೊಡಗಳಲ್ಲಿ ನೀರು ಹೊತ್ತು ಹಾಕಿದರು, ಸುತ್ತ ಮುಳ್ಳಿನ ಬೇಲಿ ಕಟ್ಟಿದರು, ಹೆಚ್ಚಾಗಿ ಮಳೆಗಾಲದಲ್ಲಿ ನೆಡುತ್ತಿದ್ದರು, 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಇಷ್ಟೇ ವಿಷಯ. ಮೊದಲ ಪ್ರಶ್ನೆ, ಸಸಿ ನೆಟ್ಟದ್ದು ಎಲ್ಲಿ? ತಕ್ಷಣ ಬರೆದಳು. ಎರಡನೆಯದು, ಮಳೆಗಾಲವನ್ನೇ ಆರಿಸಿಕೊಂಡದ್ದು ಯಾಕಿರಬಹುದು? ಮೂರನೆಯದು, ಮುಳ್ಳಿನ ಬೇಲಿ ಯಾಕೆ? ಈ ಎರಡಕ್ಕೂ ಉತ್ತರ ಗದ್ಯದ ಯಾವ ಸಾಲಿನಲ್ಲೂ ಇಲ್ಲ. ಹುಡುಗಿ ಪೆನ್ನು ಕಚ್ಚುತ್ತ ಕೂತಳು.

"ಕನ್ನಡದಲ್ಲಿ ಹೇಳಮ್ಮ" ಅಂದೆ.

"ಮಳೆಗಾಲದಲ್ಲಿ ನೆಟ್ರೆ ನೀರು ಹೊರೋ ಕೆಲಸ ಕಮ್ಮಿ ಆಗುತ್ತೆ ಸರ್, ಬೇರೂ ಬೇಗ ಹಿಡಿಯುತ್ತೆ. ಬೇಲಿ ಹಾಕ್ದಿದ್ರೆ ಮೇಕೆ ಬಿಡ್ತಾವಾ?"

ನೋಡಿ, ಹುಡುಗಿಗೆ ಗದ್ಯ ಪೂರ್ತಿ ಅರ್ಥವಾಗಿದೆ. ಗದ್ಯದಲ್ಲಿ ಇಲ್ಲದ ಮೇಕೆಯನ್ನೂ ಅವಳು ಕಂಡಿದ್ದಾಳೆ. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಬಾರದ್ದಕ್ಕೆ ಜಾಗ ಖಾಲಿ ಬಿಟ್ಟಿದ್ದಳು. ಖಾಲಿ ಜಾಗ ನೋಡಿದ ಮೌಲ್ಯಮಾಪಕರು 'ಅರ್ಥವಾಗಿಲ್ಲ' ಅಂತ ಸೊನ್ನೆ ಕೊಟ್ಟಿರುತ್ತಾರೆ. ಅರ್ಥಮಾಡಿಕೊಳ್ಳುವುದು ಬೇರೆ, ಅರ್ಥವಾದದ್ದನ್ನು ಇನ್ನೊಂದು ಭಾಷೆಯಲ್ಲಿ ಬರೆಯುವುದು ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ನಮ್ಮ ಹಳ್ಳಿ ಮಕ್ಕಳಿಗೆ ದೊಡ್ಡ ಅನ್ಯಾಯವಾಗುತ್ತಿದೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಭ್ಯಾಸದ ದಿನಗಳಲ್ಲಿ ಉತ್ತರ ಮೊದಲು ಕನ್ನಡದಲ್ಲಿ ಬರಲಿ, ತರಗತಿ ಅದನ್ನು ಚರ್ಚೆ ಮಾಡಲಿ, ಆಮೇಲೆ ಎಲ್ಲರೂ ಸೇರಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ಇಳಿಸಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ಅದು ತಪ್ಪು ಅಂತ ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

"ಹಂಗಾದ್ರೆ ಗೊತ್ತಿಲ್ಲದ ಪದ ಬಂದ್ರೆ?" ಅಂತ ಕಂಡಕ್ಟ್ರು ಬೇಲಿಗೆ ಇನ್ನೂ ಹತ್ತಿರ ಬಂದರು. ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಪಾಠ ಓದುವ ಮುಂಚೆ ಬೋರ್ಡಿನ ಮೇಲೆ ಹೊಸ ಪದಗಳನ್ನೂ ಅವುಗಳ ಅರ್ಥವನ್ನೂ ಬರೆದು ಹಾಕುತ್ತೇವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಮುಂದೆ ಒಬ್ಬೊಬ್ಬರೇ ಎದ್ದು ನಿಂತು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದುತ್ತಾರೆ. ಓದುವವನ ಗಮನವೆಲ್ಲ ಉಚ್ಚಾರದ ಮೇಲೆ, ಕೇಳುವವರ ಗಮನ ತಮ್ಮ ಸರದಿಯ ಮೇಲೆ. ಅರ್ಥದ ಕಡೆ ಯಾರೂ ಇಲ್ಲ. ಇದರ ಬದಲು ಇಡೀ ಗದ್ಯವನ್ನು ಮೌನವಾಗಿ ಒಮ್ಮೆ ಕೊನೆಯವರೆಗೂ ಓದಿಸಬೇಕು, ಪದ ತಿಳಿಯಲಿ ಬಿಡಲಿ. ತಿಮ್ಮಕ್ಕನ ಗದ್ಯದಲ್ಲಿ 'ಸ್ಯಾಪ್ಲಿಂಗ್' ಅಂತ ಒಂದು ಪದವಿತ್ತು. ಹುಡುಗಿಗೆ ಅದು ಗೊತ್ತಿರಲಿಲ್ಲ. ನೆಡುತ್ತಾರೆ, ನೀರು ಹಾಕುತ್ತಾರೆ, ಬೇಲಿ ಕಟ್ಟುತ್ತಾರೆ ಅಂದಮೇಲೆ ಅದು ಸಸಿಯಲ್ಲದೆ ಇನ್ನೇನು ಅಂತ ಅವಳೇ ಹೇಳಿದಳು. ಹಾಗೆ ತಾನೇ ಕಂಡುಕೊಂಡ ಪದ ಬೋರ್ಡಿನಿಂದ ಬರೆದುಕೊಂಡ ಪದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಇನ್ನೊಂದು ಕಡೆ ನಮ್ಮ ಮಕ್ಕಳು ತಪ್ಪದೆ ಎಡವುತ್ತಾರೆ. ಕನ್ನಡದಲ್ಲಿ 'ಬಂದಳು, ಕೂತಳು, ಉಂಡಳು' ಅಂದರೆ ಸಾಕು, ಯಾರು ಅನ್ನುವುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ವಾಕ್ಯಕ್ಕೂ 'ಶಿ', 'ದೇ', 'ಇಟ್' ಹೀಗೆ ಒಂದು ಸರ್ವನಾಮ ಮುಂದೆ ಬಂದು ನಿಲ್ಲಬೇಕು. ಗದ್ಯ ಉದ್ದವಾದ ಹಾಗೆ ಆ 'ದೇ' ದಂಪತಿಗಳೋ ಗಿಡಗಳೋ ಎಂಬುದು ಮಕ್ಕಳ ಕೈತಪ್ಪುತ್ತದೆ. ನಾನು ತರಗತಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆಸುತ್ತಿದ್ದೆ. ಪ್ರತಿ ಸರ್ವನಾಮದಿಂದ ಅದು ಯಾರನ್ನು ಹೇಳುತ್ತದೋ ಆ ಹೆಸರಿಗೆ ಒಂದು ಗೆರೆ. ಪುಟ ಗೀಚುಗೀಚಾಗುತ್ತಿತ್ತು, ಆದರೆ ಗದ್ಯ ತಿಳಿಯಾಗುತ್ತಿತ್ತು.

ಮಾತು ಇಲ್ಲಿಗೆ ಬಂದಾಗ ಕಂಡಕ್ಟ್ರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಮೇಷ್ಟ್ರೇ, ನಾನು ಓದಿದ್ದು ಏಳನೇ ಕ್ಲಾಸು. ಆದ್ರೆ ಇಂಗ್ಲಿಷ್ ಟೈಮ್‌ಟೇಬಲ್ಲು, ಸುತ್ತೋಲೆ ಎಲ್ಲಾ ಓದ್ತಿದ್ದೆ. ಯಾರೂ ಗ್ರಾಮರ್ ಹೇಳಿಕೊಡಲಿಲ್ಲ. ಅದು ಹೆಂಗೆ ಬಂತು?"

ಈ ಪ್ರಶ್ನೆಗೆ ಜಗತ್ತಿನ ಭಾಷಾಶಿಕ್ಷಣದಲ್ಲೇ ಹೆಸರಾದ ಒಂದು ಉತ್ತರ ನಮ್ಮ ಬೆಂಗಳೂರಿನಿಂದಲೇ ಹೋಗಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅದಕ್ಕೆ ನೆಲೆ. ವ್ಯಾಕರಣದ ಪಾಠವನ್ನು ಬದಿಗಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಇಟ್ಟರು. ಈ ಊರಿನಿಂದ ಆ ಊರಿಗೆ ಹೋಗಲು ಯಾವ ರೈಲು ಹಿಡಿಯಬೇಕು, ಎಷ್ಟು ಹೊತ್ತು ಬೇಕು, ಈ ರೈಲು ತಪ್ಪಿದರೆ ಮುಂದಿನದು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲು ಇಡೀ ತರಗತಿಯ ಜೊತೆ ಶಿಕ್ಷಕರು ಒಂದನ್ನು ಬಿಡಿಸುತ್ತಿದ್ದರು, ಬಳಿಕ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕಿತ್ತು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆಯ ರಚನೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಪ್ರಭು ಅವರ ವಾದ. ಅದನ್ನೇ 1987ರಲ್ಲಿ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಎಂಬ ಪುಸ್ತಕವಾಗಿ ಬರೆದರು. 'ಬೆಂಗಳೂರು ಪ್ರಾಜೆಕ್ಟ್' ಎಂದರೆ ಇಂದಿಗೂ ಹೊರದೇಶದ ಭಾಷಾಶಿಕ್ಷಕರಿಗೆ ತಿಳಿಯುತ್ತದೆ. ನಮ್ಮ ಶಾಲೆಗಳಲ್ಲಿ ಅದರ ನೆನಪು ಇಷ್ಟು ಮಸುಕಾಗಿರುವುದು ನನಗೆ ನೋವಿನ ಸಂಗತಿ. ವ್ಯಾಕರಣ ಹೇಳಲೇಬಾರದು ಅನ್ನುವಷ್ಟು ದೂರಕ್ಕೆ ನಾನು ಪ್ರಭು ಅವರ ಜೊತೆ ಹೋಗಲಾರೆ, ತಿದ್ದುವ ಕೆಲಸಕ್ಕೆ ಒಂದಿಷ್ಟು ವ್ಯಾಕರಣ ಬೇಕು. ಆದರೆ ಕಂಡಕ್ಟ್ರಿಗೆ ಟೈಮ್‌ಟೇಬಲ್ ಓದಲು ಬಂದದ್ದು ಹೇಗೆ ಅನ್ನುವುದಕ್ಕೆ ಅವರ ಉತ್ತರ ಸರಿ. ಬಸ್ಸು ಎಷ್ಟು ಗಂಟೆಗೆ ಅನ್ನುವುದು ಅವರಿಗೆ ತಿಳಿಯಲೇಬೇಕಿತ್ತು.

ಇನ್ನು ಪ್ಯಾರಾಗ್ರಾಫ್ ತಿದ್ದುವ ವಿಷಯ. ಪ್ರಶ್ನೆಪತ್ರಿಕೆಯಲ್ಲಿ ಚಿಕ್ಕ ಪ್ಯಾರಾ ಕೊಟ್ಟು ಅದರಲ್ಲಿ ಎರಡು ತಪ್ಪು ಇಟ್ಟಿರುತ್ತಾರೆ. ಕೆಳಗೆ ಸುಳಿವೂ ಇರುತ್ತದೆ. ಒಂದು ಕಡೆ ದೊಡ್ಡಕ್ಷರ ಬಳಸಿ, ಇನ್ನೊಂದು ಕಡೆ ಪ್ರಿಪೊಸಿಷನ್ ಸರಿಪಡಿಸಿ, ಹೀಗೆ. ಸುಳಿವು ಕೊಟ್ಟದ್ದು ಮಕ್ಕಳ ಮೇಲಿನ ಕರುಣೆಯಿಂದಲೇ. ಆದರೆ ಬದುಕಿನಲ್ಲಿ ನಾವು ಬರೆದ ಅರ್ಜಿಯ ಕೆಳಗೆ ಯಾರೂ ಸುಳಿವು ಬರೆದಿಟ್ಟಿರುವುದಿಲ್ಲ. ಅದೇ ಹುಡುಗಿ ಅದೇ ಉತ್ತರಪತ್ರಿಕೆಯಲ್ಲಿ ತಾನು ಬರೆದ ಪ್ರಬಂಧವನ್ನು ಒಮ್ಮೆಯೂ ತಿರುಗಿ ನೋಡಿರುವುದಿಲ್ಲ. ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರೆ, ಬರೆದದ್ದನ್ನು ಓದಿಕೊಳ್ಳಲು ಅಂತ ಒಂದು ಹೊತ್ತನ್ನು ಯಾರೂ ಗೊತ್ತುಮಾಡಿಲ್ಲ.

"ವೇಬಿಲ್ ಬರೆದ ಮೇಲೆ ನೀವು ಏನು ಮಾಡ್ತಿದ್ರಿ ಕಂಡಕ್ಟ್ರೇ?" ಅಂದೆ.

"ಡಿಪೋಲಿ ದುಡ್ಡು ಕಟ್ಟೋಕೆ ಮುಂಚೆ ಮೇಲಿಂದ ಕೆಳಗೆ ನೋಡ್ತಿದ್ದೆ. ಒಂದು ಸಲ ಬರೀ ಟಿಕೆಟ್ ನಂಬರು. ಇನ್ನೊಂದು ಸಲ ಬರೀ ಸ್ಟೇಜು. ಆಮೇಲೆ ದುಡ್ಡಿನ ಲೆಕ್ಕ. ಎಲ್ಲಾ ಒಟ್ಟಿಗೆ ನೋಡಿದ್ರೆ ಯಾವ ತಪ್ಪೂ ಕಣ್ಣಿಗೆ ಬೀಳಲ್ಲ ಮೇಷ್ಟ್ರೇ."

ತಿದ್ದುವ ವಿದ್ಯೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಹುಡುಗಿಗೂ ಅದನ್ನೇ ಹೇಳಿದೆ. ಮೊದಲ ಓದಿನಲ್ಲಿ ಬರೀ ಕ್ರಿಯಾಪದ ನೋಡು. ಎರಡನೆಯದರಲ್ಲಿ 'ಇನ್', 'ಆನ್', 'ಅಟ್'. ಮೂರನೆಯದರಲ್ಲಿ 'ಎ', 'ದಿ' ಮತ್ತು ದೊಡ್ಡಕ್ಷರ.

ಎಲ್ಲಿ ತಪ್ಪುತ್ತೇವೆ ಅನ್ನುವುದು ಕನ್ನಡದ ಮಕ್ಕಳ ಮಟ್ಟಿಗೆ ಮೊದಲೇ ಗೊತ್ತಿರುವ ವಿಷಯ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ, ಹಾಗಾಗಿ ಊರಿನ ಹೆಸರು ಬಂದಾಗ ಕೈ ತಾನಾಗಿ ದೊಡ್ಡಕ್ಷರಕ್ಕೆ ಹೋಗುವುದಿಲ್ಲ. 'ಎ', 'ದಿ'ಗಳಿಗೆ ನಮ್ಮಲ್ಲಿ ಸಮನಾದದ್ದಿಲ್ಲ. ನಮ್ಮ ಒಂದು 'ಅಲ್ಲಿ' ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದಗಳು ಹಂಚಿಕೊಂಡಿವೆ. ಕಾಲದ ತಪ್ಪು ಬರುವುದಕ್ಕೆ ಇನ್ನೂ ಆಳವಾದ ಕಾರಣವಿದೆ. 'ಎದ್ದು, ಮುಖ ತೊಳೆದು, ಕಾಫಿ ಕುಡಿದು ಹೊರಟೆ' ಎಂದು ನಾವು ಎಷ್ಟು ಕೆಲಸವನ್ನಾದರೂ ಪೋಣಿಸಿ ಕೊನೆಯ ಒಂದು ಕ್ರಿಯಾಪದಕ್ಕೆ ಕಾಲವನ್ನು ಹೊರಿಸುತ್ತೇವೆ. ಇಂಗ್ಲಿಷಿನಲ್ಲಿ ಒಂದೊಂದು ಕ್ರಿಯೆಯೂ ತನ್ನ ಕಾಲವನ್ನು ತಾನೇ ಹೊರಬೇಕು. ಮಗು ಮೊದಲನೆಯದಕ್ಕೆ ಹಾಕುತ್ತದೆ, ಎರಡನೆಯದಕ್ಕೆ ಮರೆಯುತ್ತದೆ.

ಅಜ್ಜಿಯ ಬಗ್ಗೆ ಬರೆಯುವಾಗ ಎಷ್ಟೋ ಮಕ್ಕಳು 'ಶಿ' ಬಿಟ್ಟು 'ದೇ' ಬರೆಯುತ್ತಾರೆ. ಮನೆಯಲ್ಲಿ 'ಅಜ್ಜಿ ಬಂದರು' ಅಂತ ಗೌರವದ ಬಹುವಚನ ಕಲಿತ ಮಗು ಅದು. ಹಿರಿಯರಿಗೆ ಏಕವಚನ ಹಚ್ಚಲು ಅದರ ಮನಸ್ಸು ಒಪ್ಪುವುದಿಲ್ಲ. ಆ ತಪ್ಪಿಗೆ ಕೆಂಪು ಗೆರೆ ಎಳೆಯುವ ಮುಂಚೆ, ಇದು ನಿನ್ನ ಮನೆ ಕಲಿಸಿದ ಒಳ್ಳೆಯ ನಡತೆ, ಇಂಗ್ಲಿಷಿನ ಪದ್ಧತಿ ಬೇರೆ ಅಂತ ಒಂದು ಮಾತು ಹೇಳಬೇಕು. 'ಶಿ' ಜೊತೆ 'ಗೋ'ಗೆ 'ಗೋಸ್' ಆಗುವುದನ್ನೂ ಹಾಗೆಯೇ ಕನ್ನಡದ ಕಿವಿಯಿಂದಲೇ ಹೇಳಬಹುದು. 'ಅವಳು ಹೋಗುತ್ತಾನೆ' ಅಂದರೆ ಒಂದನೇ ತರಗತಿಯ ಮಗುವೂ ನಗುತ್ತದೆ. ಕರ್ತೃವಿಗೆ ತಕ್ಕ ಕ್ರಿಯಾಪದ ಅನ್ನುವ ನಿಯಮ ನಮ್ಮ ಮಕ್ಕಳ ರಕ್ತದಲ್ಲೇ ಇದೆ. ಇಂಗ್ಲಿಷಿನಲ್ಲಿ ಆ ನಿಯಮ ಸವೆದು ಸವೆದು ಹೆಚ್ಚಿನ ಕ್ರಿಯಾಪದಗಳಲ್ಲಿ ವರ್ತಮಾನಕಾಲದ ಒಂದು 'ಎಸ್' ಮಾತ್ರ ಉಳಿದಿದೆ. ಅದನ್ನು ಹೀಗೆ ತೋರಿಸಿದರೆ ಮಗು ಮರೆಯುವುದಿಲ್ಲ.

ಕೆಂಪು ಶಾಯಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಶಿಕ್ಷಕರು ಕಷ್ಟಪಟ್ಟು ಎಲ್ಲ ತಪ್ಪನ್ನೂ ತಿದ್ದಿ ಕೊಡುತ್ತಾರೆ. ಮಗು ಕೊನೆಯಲ್ಲಿರುವ ಅಂಕ ನೋಡಿ ಪುಸ್ತಕ ಮುಚ್ಚುತ್ತದೆ. ಅಷ್ಟೂ ಶ್ರಮ ವ್ಯರ್ಥ. ಅದರ ಬದಲು ತಪ್ಪಿರುವ ಸಾಲಿನ ಪಕ್ಕದ ಅಂಚಿನಲ್ಲಿ ಒಂದು ಗೀಟು ಹಾಕಿ ಹಿಂದಕ್ಕೆ ಕೊಟ್ಟುನೋಡಿ. ಆ ಸಾಲಿನಲ್ಲಿ ಏನೋ ಇದೆ ಅಂತ ಮಗುವೇ ಹುಡುಕುತ್ತದೆ, ಬೆಂಚಿನ ಪಕ್ಕದವರನ್ನು ಕೇಳುತ್ತದೆ, ವಾದ ಮಾಡುತ್ತದೆ. ಐವತ್ತು ಅರವತ್ತು ಮಕ್ಕಳಿರುವ ತರಗತಿಯಲ್ಲಿ ಶಿಕ್ಷಕರ ಹೊರೆಯೂ ಇಳಿಯುತ್ತದೆ. ಹಾಗೆ ತಿದ್ದಲು ಕೂತಾಗ ಕಾಗುಣಿತ, ಪ್ರತ್ಯಯಗಳ ಆಚೆಗೂ ಹೋಗಬೇಕು. ಈ ವಾಕ್ಯ ಈ ಪ್ಯಾರಾಕ್ಕೆ ಸೇರಿದ್ದೇ? ಇದು ಮೊದಲು ಬರಬೇಕಿತ್ತೇ? ಹೇಳಿದ್ದನ್ನೇ ಮತ್ತೆ ಹೇಳಿದೆಯೇ? ಇವು ಯಾವ ಪ್ರಶ್ನೆಪತ್ರಿಕೆಯ ಸುಳಿವಿನಲ್ಲೂ ಬರುವುದಿಲ್ಲ, ಬರವಣಿಗೆ ನಿಲ್ಲುವುದು ಮಾತ್ರ ಇವುಗಳ ಮೇಲೆಯೇ.

"ಇಂಗ್ಲಿಷಿಗೆ ಇಷ್ಟು ಮಾಡಿದ್ರೆ ಕನ್ನಡದ ಗತಿ?" ಅಂತ ಕಂಡಕ್ಟ್ರು ಒಮ್ಮೆ ಕೇಳಿದ್ದುಂಟು. ಅವರ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಾನು ಕೆಲವು ಹೆಸರು ಹೇಳಿದೆ. ಬಿ.ಎಂ. ಶ್ರೀಕಂಠಯ್ಯ, ಎ.ಎನ್. ಮೂರ್ತಿರಾವ್, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್. ಇವರೆಲ್ಲ ತರಗತಿಯಲ್ಲಿ ಇಂಗ್ಲಿಷ್ ಪಾಠ ಹೇಳಿದವರು, ಬರೆದು ಬೆಳೆಸಿದ್ದು ಕನ್ನಡವನ್ನು. ಒಂದು ಭಾಷೆಯಲ್ಲಿ ಸಾಲನ್ನು ನಿಧಾನವಾಗಿ ಓದಲು ಕಲಿತವರು ಇನ್ನೊಂದರಲ್ಲೂ ಹಾಗೇ ಓದುತ್ತಾರೆ. ಕನ್ನಡ ಪತ್ರಿಕೆಯ ಒಂದು ಪ್ಯಾರಾವನ್ನು ಸರಿಯಾಗಿ ಓದಿ ಅದರ ಸಾರ ಹೇಳಲು ಬಾರದ ಮಗುವಿಗೆ ಇಂಗ್ಲಿಷ್ ಪ್ಯಾಸೇಜಿನ ಟ್ಯೂಷನ್ ಕೊಡಿಸಿ ಪ್ರಯೋಜನವಿಲ್ಲ. ಕನ್ನಡದಿಂದಲೇ ಶುರುಮಾಡಬೇಕು.

ಹುಡುಗಿ ಈಗ ಸಂಜೆ ಒಂದು ಪ್ಯಾರಾ ಓದುತ್ತಾಳೆ, ಅದರ ಮೇಲೆ ತಾನೇ ಮೂರು ಪ್ರಶ್ನೆ ಮಾಡುತ್ತಾಳೆ. ಒಂದಕ್ಕೆ ಉತ್ತರ ಸಾಲಿನಲ್ಲೇ ಇರಬೇಕು, ಒಂದಕ್ಕೆ ಸಾಲುಗಳ ನಡುವೆ, ಒಂದಕ್ಕೆ ಅವಳ ತಲೆಯಲ್ಲಿ. ಪ್ರಶ್ನೆಗಳನ್ನು ತಾತನಿಗೆ ಕೇಳುತ್ತಾಳೆ, ತಾತ ಕನ್ನಡದಲ್ಲಿ ಉತ್ತರ ಹೇಳುತ್ತಾರೆ, ಅವಳು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಹಿಂದಿನ ದಿನ ಬರೆದದ್ದನ್ನು ಈ ದಿನ ತಿದ್ದುತ್ತಾಳೆ. ಒಂದು ದಿನ ಬಿಟ್ಟು ನೋಡಿದಾಗ ತಪ್ಪು ಎದ್ದು ಕಾಣುತ್ತದೆ. ಇದಕ್ಕೆ ಖರ್ಚಿಲ್ಲ, ಅರ್ಧ ಗಂಟೆಯೂ ಬೇಡ, ದೊಡ್ಡವರಿಗೆ ಇಂಗ್ಲಿಷ್ ಬರಲೇಬೇಕು ಅಂತಲೂ ಇಲ್ಲ.

ನಿಮ್ಮ ಮನೆಯಲ್ಲಿ ಹೈಸ್ಕೂಲಿನ ಮಗುವಿದ್ದರೆ ಟ್ಯೂಷನ್ನಿಗೆ ಹಣ ಕಟ್ಟುವ ಮುಂಚೆ ದಯವಿಟ್ಟು ಇಷ್ಟು ಮಾಡಿ. ಸಂಜೆ ಒಂದು ಪ್ಯಾರಾ ಓದಿಸಿ, 'ಏನು ಹೇಳಿದ್ದಾರೆ, ಹಾಗೆ ಯಾಕೆ ಹೇಳಿದ್ದಾರೆ?' ಅಂತ ಕನ್ನಡದಲ್ಲಿ ಕೇಳಿ, ಮಗು ಹೇಳಿ ಮುಗಿಸುವವರೆಗೂ ಕೂತು ಕೇಳಿಸಿಕೊಳ್ಳಿ. ಇಂಗ್ಲಿಷ್ ಶಿಕ್ಷಕರಲ್ಲೂ ಒಂದು ಬೇಡಿಕೆ: ವಾರದಲ್ಲಿ ಒಂದು ಪೀರಿಯಡ್ಡನ್ನು ಮಕ್ಕಳು ತಾವು ಬರೆದದ್ದನ್ನು ತಾವೇ ತಿದ್ದಿಕೊಳ್ಳಲು ಬಿಟ್ಟುಕೊಡಿ.